ತಿಪ್ಪೇಶಿಯ ಬೈಗಾರ್ತಿ

ನನ್ನ ತಮ್ಮ ತಿಪ್ಪೇಶಿ ದೊಡ್ಡವರ ಮೈದಾನದಲ್ಲಿ ಮೊದಲ ಗೋಲು ಹೊಡೆದ ದಿನ ಅವನನ್ನು ಗೋಲುಕಂಬದ ಅಡ್ಡಪಟ್ಟಿಯಿಂದ ಕೆಳಗಿಳಿಸಲು ಇಡೀ ತಂಡ ಸೇರಬೇಕಾಯಿತು. ತಪ್ಪು ಅವನದಲ್ಲ. ಹೊಳೆಯಾಚೆಯಿಂದ ಹಂಚು ಕೊಳ್ಳಲು ಬಂದಿದ್ದ ಯಾವನೋ ವ್ಯಾಪಾರಿ, ನಮ್ಮೂರಿನ ರೀತಿನೀತಿ ತಿಳಿಯದವನು, ಬೇಲಿಯ ಪಕ್ಕ ನಿಂತು "ಭಲೇ! ಎಷ್ಟು ಚೆನ್ನಾಗಿ ಹೊಡೆದ್ಯಪ್ಪಾ!" ಎಂದು ಕೂಗಿಬಿಟ್ಟ. ಹುಡುಗನ ಕಾಲು ನೆಲ ಬಿಟ್ಟಿತು. ಅಡ್ಡಪಟ್ಟಿ ಕೈಗೆ ಸಿಕ್ಕಿದ್ದರಿಂದ ಬದುಕಿಕೊಂಡ. ಜನ ವ್ಯಾಪಾರಿಯ ಬಾಯಿ ಮುಚ್ಚಿಸುವಷ್ಟರಲ್ಲಿ ನಾನು ಸೀರೆ ಎತ್ತಿ ಸಿಕ್ಕಿಸಿಕೊಂಡು ಮೈದಾನಕ್ಕೆ ನುಗ್ಗಿ, "ಲೋ ತಿಪ್ಪೇಶಿ! ಬೆಳಿಗ್ಗೆ ಮಜ್ಜಿಗೆ ಗಡಿಗೆಗೆ ಬಾಯಿಟ್ಟು ಕುಡಿದೋನು ನೀನೇ ಅಲ್ವೇನೋ? ಕುಡಿದು ಬೆಕ್ಕಿನ ತಲೆ ಮೇಲೆ ಹಾಕಿದ್ಯಲ್ಲೋ ಕಳ್ಳ!" ಎಂದು ಕಿರುಚಿದೆ. ಅವನ ಕಿವಿ ಕೆಂಪಾಯಿತು. ಒಂದು ಮೊಳ ಜಾರಿದ. ಅಷ್ಟರಲ್ಲಿ ಉಳಿದವರು ಅವನ ಕಾಲು ಹಿಡಿದು ಎಳೆದುಕೊಂಡರು.

ಹಂಚಿನ ಕಾರ್ಖಾನೆಯ ತಂಡವನ್ನು ಪಳಗಿಸುತ್ತಿದ್ದ ಚೌರಪ್ಪ ಮೇಷ್ಟ್ರು ಇದನ್ನೆಲ್ಲ ನೋಡುತ್ತಿದ್ದರು. ಆಟ ಮುಗಿದ ಮೇಲೆ ನನ್ನ ಹತ್ತಿರ ಬಂದು, "ಏನಮ್ಮ ಹುಚ್ಚಮ್ಮ, ಗಂಟ್ಲು ಗಟ್ಟಿಯಾಗಿದೆ. ನಿನ್ ತಮ್ಮ ನಮ್ ಕಡೆ ಆಡ್ಲಿ, ನೀನು ನಮ್ ಬೆಂಚಲ್ಲಿ ಕೂತು ಬೈಯಿ. ಇಬ್ರಿಗೂ ಕಾರ್ಖಾನೇಲಿ ಕೆಲಸ" ಎಂದರು. ಹೀಗೆ ಒಂದೇ ದಿನ ಅವನು ಸಂಬಳದ ಆಟಗಾರನಾದ, ನಾನು ಅವನ ಬೈಗಾರ್ತಿಯಾದೆ.

ನಮ್ಮೂರಿನಲ್ಲಿ ಹೆತ್ತವರು ಮಕ್ಕಳಿಗೆ ತಿಪ್ಪೇಶಿ, ಕಲ್ಲಪ್ಪ, ಹುಚ್ಚಮ್ಮ, ಸಾಕಮ್ಮ ಎಂದೇ ಹೆಸರಿಡುತ್ತಾರೆ. ಮುತ್ತು, ಬಂಗಾರಿ ಎಂದು ಹೆಸರಿಟ್ಟು, ಕರೆದಾಗಲೆಲ್ಲ ಮಗುವನ್ನು ಸೂರಿನಿಂದ ಇಳಿಸುತ್ತ ಕೂರಲು ಯಾರಿಗೆ ಪುರುಸೊತ್ತಿದೆ? ಬಾಣಂತಿಯನ್ನು ನೋಡಲು ಬಂದವರು ತೊಟ್ಟಿಲಿಗೆ ಬಗ್ಗಿ, "ಥೂ, ಎಂಥಾ ಸೊಟ್ಟ ಮೂಗು" ಎಂದು ಹೇಳಿ, ಬೆಲ್ಲ ಕೊಟ್ಟು ಹೋಗುತ್ತಾರೆ. ನೆಂಟರ ಮನೆಯಲ್ಲಿ ಸಾರು ರುಚಿಯಾಗಿದ್ದರೆ ಸುಮ್ಮನೆ ಇನ್ನೊಂದು ಸಲ ಬಡಿಸಿಕೊಳ್ಳಬೇಕು. ಬಾಯಿಬಿಟ್ಟರೆ ಬಡಿಸುವವಳು ಪಾತ್ರೆ ಸಮೇತ ತೊಲೆಗೆ ತಲೆ ಬಡಿಸಿಕೊಳ್ಳುತ್ತಾಳೆ. ಹುಸಿ ಹೊಗಳಿಕೆಯಿಂದ ಏನೂ ಆಗುವುದಿಲ್ಲ. ಅದಕ್ಕೇ ನಮ್ಮ ಪುರಸಭೆಯ ಅಧ್ಯಕ್ಷರು ವರ್ಷವಿಡೀ ಹಾರ ಹಾಕಿಸಿಕೊಂಡರೂ ಕುರ್ಚಿಯಿಂದ ಕದಲಿಲ್ಲ. ತನ್ನನ್ನು ತಾನೇ ಹೊಗಳಿಕೊಂಡರೂ ಏನೂ ಆಗುವುದಿಲ್ಲ, ಇಲ್ಲದಿದ್ದರೆ ಊರಿನ ಅರ್ಧ ಗಂಡಸರು ಮರದ ತುದಿಯಲ್ಲಿರುತ್ತಿದ್ದರು. ಬೇರೆಯವರು ಹೇಳಬೇಕು, ಹೇಳಿದ್ದು ನಿಜವಿರಬೇಕು. ಬೈಗುಳಕ್ಕೂ ಅದೇ ಮಾತು. ಸುಳ್ಳು ಬೈಗುಳ ಗಾಳಿಗೆ ಹೋಗುತ್ತದೆ; ನಿಜವಾದದ್ದು ಮೈಮೇಲೆ ಕೂತು ಭಾರವಾಗುತ್ತದೆ. ಬೈಸಿಕೊಂಡವನು ತಪ್ಪು ತಿದ್ದಿಕೊಂಡರೆ ಆ ಭಾರ ತಾನಾಗಿ ಇಳಿದುಹೋಗುತ್ತದೆ.

ಇಂಥ ಊರಿಗೆ ಕಾಲ್ಚೆಂಡಿನ ಹುಚ್ಚು ಹಿಡಿಯಬಾರದಿತ್ತು, ಹಿಡಿದಿತ್ತು. ಜನ ಚೊಂಬಿನಲ್ಲಿ ನೀರು ತೆಗೆದುಕೊಂಡೇ ಮೈದಾನಕ್ಕೆ ಬರುತ್ತಿದ್ದರು. ಚೆಂಡು ಗೋಲಿನ ಹತ್ತಿರ ಬಂದರೆ ಸಾಕು, ಎಲ್ಲರೂ ಬಾಯಿತುಂಬ ನೀರು ತುಂಬಿಕೊಂಡು ಕೆನ್ನೆ ಉಬ್ಬಿಸಿ ಕೂರುತ್ತಿದ್ದರು, ಮೈಮರೆತು ಏನಾದರೂ ಒಳ್ಳೆಯ ಮಾತು ಬಂದುಬಿಟ್ಟೀತು ಎಂದು. ಬೂಟಿನಲ್ಲಿ ಕಲ್ಲು ಇಟ್ಟುಕೊಳ್ಳುವಂತಿಲ್ಲ, ರೆಫರಿ ತಡವಿ ನೋಡುತ್ತಿದ್ದ. ಎದ್ದವನನ್ನು ಎಳೆದುಕೊಳ್ಳಲು ಗೆರೆಯಾಚೆ ಹಗ್ಗ ಹಿಡಿದು ನಿಂತವರು ಗೆರೆ ದಾಟಿ ಒಳಗೆ ಬಂದರೆ ಗೆಲುವು ಎದುರಾಳಿಗೆ. ಆಟಗಾರನನ್ನು ನೆಲದ ಮೇಲೆ ಇಟ್ಟುಕೊಳ್ಳಲು ಇದ್ದದ್ದು ಬೈಗಾರ್ತಿಯ ಬಾಯಿ ಒಂದೇ. ತಾಯಿಯೋ ಅಕ್ಕನೋ ಅತ್ತೆಯೋ ಆಗಿರಬೇಕು, ಮನೆಯೊಳಗಿನ ನಿಜ ಹೊರಗಿನವರಿಗೆ ಎಲ್ಲಿ ಗೊತ್ತಿರುತ್ತದೆ?

ಬೈಗಾರ್ತಿ ಸೋತರೆ ಏನಾಗುತ್ತದೆ ಎನ್ನುವುದು ನಮಗೆಲ್ಲ ಗೊತ್ತಿತ್ತು. ಕಾರ್ಖಾನೆಯ ಕ್ಲಬ್ಬಿನ ಗೋಡೆಯಲ್ಲಿ ಒಂದು ಹಳೇ ಬೂಟು ನೇತಾಡುತ್ತಿತ್ತು. ಅದು ಮುನಿಯಣ್ಣನದು. ನಾನು ಚಿಕ್ಕವಳಿದ್ದಾಗ ಅವನು ನಟ್ಟನಡು ಮೈದಾನದಿಂದ ಹೊಡೆದ ಚೆಂಡು ನೇರ ಗೋಲಿಗೆ ಹೋಯಿತಂತೆ. ಬೆಂಚಿನ ಮೇಲೆ ಅವನ ತಾಯಿ ಇದ್ದಳು. ಬೈಯಲು ಬಾಯಿ ತೆರೆದವಳು ಅತ್ತುಬಿಟ್ಟಳು, ಅಳುತ್ತ "ನನ್ನ ಮಗ, ನನ್ನ ಮಗ" ಎಂದಳು. ಹಗ್ಗದವರು ಗೆಲುವು ಕೈತಪ್ಪುತ್ತದೆಂದು ಗೆರೆಯ ಮೇಲೆ ಅನುಮಾನಿಸುತ್ತ ನಿಂತರು. ಮುನಿಯಣ್ಣ ಹೋದ. ಬಹಳ ಹೊತ್ತಿನ ಮೇಲೆ ಅಕ್ಕಿ ಗಿರಣಿಯ ಮಾಡಿನ ಮೇಲೆ ಆ ಬೂಟು ಬಿತ್ತು, ಅವನು ಬೀಳಲಿಲ್ಲ. ನಾನು ಪ್ರತಿ ಆಟಕ್ಕೆ ಮುಂಚೆ ಆ ಬೂಟನ್ನು ನೋಡಿಯೇ ಬೆಂಚಿಗೆ ಹೋಗುತ್ತಿದ್ದೆ.

ತಿಪ್ಪೇಶಿಯನ್ನು ಸಾಕಿದವಳು ನಾನೇ. ಅವನಿಗೆ ಹಲ್ಲು ಬೀಳುವ ವಯಸ್ಸಿನಲ್ಲಿ ಅಪ್ಪ ಹಂಚಿನ ಅಚ್ಚು ತರುತ್ತೇನೆಂದು ಹೊಳೆ ದಾಟಿ ಹೋದವನು ತಿರುಗಿ ಬರಲಿಲ್ಲ. ಸತ್ತನೆಂದಲ್ಲ, ಆಚೆ ದಡದ ಸಂತೆಯಲ್ಲಿ ನೋಡಿದವರಿದ್ದರು, ಬರಲಿಲ್ಲ, ಅಷ್ಟೇ. ಅಮ್ಮ ಅದೇ ಕೊರಗಿನಲ್ಲಿ ಹೋದಳು. ನಮ್ಮ ಮನೆಯಲ್ಲಿ ಅಪ್ಪನ ಮಾತು ಎತ್ತುತ್ತಿರಲಿಲ್ಲ. ಒಮ್ಮೆ ಮಾತ್ರ ತಿಪ್ಪೇಶಿ ಊಟದ ನಡುವೆ, "ಅಕ್ಕಾ, ನಾನು ಏನಾದ್ರೂ ಆಗ್ತೀನಿ, ಆ ಮನುಷ್ಯನ ಥರ ಮಾತ್ರ ಆಗಲ್ಲ" ಎಂದಿದ್ದ. ನಾನು ಅನ್ನ ಕಲಸುತ್ತ ಹೂಂ ಎಂದಿದ್ದೆ.

ಮೊದಲ ವರ್ಷಗಳಲ್ಲಿ ನನಗೆ ಬೈಗುಳಕ್ಕೆ ಬರವಿರಲಿಲ್ಲ. ಒದ್ದೆ ಟವೆಲ್ಲನ್ನು ಹಾಸಿಗೆಯ ಮೇಲೆ ಎಸೆಯುತ್ತಿದ್ದ, ಅದನ್ನು ಕೂಗಿದೆ. ಸೋದರತ್ತೆಗೆ ಹುಷಾರಿಲ್ಲದಿದ್ದಾಗ ನೋಡಲು ಹೋಗದೆ ಹೋಗಿಬಂದೆ ಎಂದು ಸುಳ್ಳು ಹೇಳಿದ್ದ, ಅದನ್ನು ಕೂಗಿದೆ. ಪಕ್ಕದಲ್ಲೇ ಓಡುವ ಬೋರನಿಗೆ ಚೆಂಡು ಕೊಡದೆ ಎಲ್ಲ ಗೋಲೂ ತನಗೇ ಬೇಕೆನ್ನುತ್ತಿದ್ದ, ಅದಂತೂ ಒಂದು ಇಡೀ ವರ್ಷ ನನ್ನನ್ನು ಕಾಪಾಡಿತು. ಅವನು ಗೋಲು ಹೊಡೆಯುವುದು, ಯಾರದೋ ಬಾಯಿ ಜಾರುವುದು, ಅವನ ಹಿಮ್ಮಡಿ ಏಳುವುದು, ಅವನು ಗಾಬರಿಯಿಂದ ಬೆಂಚಿನ ಕಡೆ ತಿರುಗಿ ನನ್ನ ಮುಖ ಹುಡುಕುವುದು, ನಾನು ಕಿರುಚುವುದು, ಅವನು ದೊಪ್ಪೆಂದು ಇಳಿಯುವುದು. ಜನ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಅವನು ಇಳಿದ ಮೇಲೂ ಎಷ್ಟೋ ಹೊತ್ತು ನಾನು ಅವನ ಹಿಮ್ಮಡಿಯನ್ನೇ ನೋಡುತ್ತ ಕೂರುತ್ತಿದ್ದೆ.

ತಿಪ್ಪೇಶಿ ಮಾನಸ್ಥ. ಇದೇ ನನಗೆ ಬಂದ ಕುತ್ತು. ಬೇರೆ ಆಟಗಾರರು ಬೈಸಿಕೊಂಡು, ಮನೆಗೆ ಹೋಗಿ ಅದೇ ತಪ್ಪು ಮಾಡಿ, ಮುಂದಿನ ವಾರ ಅದೇ ಬೈಗುಳ ತಿಂದು ಆರಾಮವಾಗಿದ್ದರು. ಇವನು ಊರೆದುರು ಮಾನ ಹೋಯಿತೆಂದು ಮಾರನೇ ದಿನವೇ ತಿದ್ದಿಕೊಳ್ಳುತ್ತಿದ್ದ. ಟವೆಲ್ಲು ಹಗ್ಗದ ಮೇಲೆ ಹೋಯಿತು. ಸೋದರತ್ತೆಯ ಮನೆಗೆ ವಾರಕ್ಕೊಮ್ಮೆ ಹಣ್ಣು ಹೋಯಿತು. ಬೋರನಿಗೆ ಎಷ್ಟು ಚೆಂಡು ಹೋಯಿತೆಂದರೆ ಬೋರನಿಗೂ ಒಬ್ಬ ಬೈಗಾರ್ತಿ ಬೇಕಾದಳು. ನಾನು ಬೈದಷ್ಟೂ ಅವನು ಒಳ್ಳೆಯವನಾಗುತ್ತಿದ್ದ, ಒಳ್ಳೆಯವನಾದಷ್ಟೂ ಹಗುರವಾಗುತ್ತಿದ್ದ, ನನ್ನ ಹತ್ತಿರ ಮಾತು ಕಡಿಮೆಯಾಗುತ್ತಿತ್ತು. ನನ್ನ ಕೈಯಾರೆ ನಾನೇ ಅವನ ಕಾಲಡಿಯ ನೆಲ ಕೆರೆಯುತ್ತಿದ್ದೇನೆ ಎನಿಸಿ ಅನ್ನ ಸೇರುತ್ತಿರಲಿಲ್ಲ.

ಅಕ್ಕಿ ಗಿರಣಿಯವರು ಇದನ್ನು ಮೊದಲು ಕಂಡುಕೊಂಡರು. ಅವರ ತಂಡಕ್ಕೂ ನಮಗೂ ಮೊದಲಿನಿಂದ ಜಿದ್ದು. ಅವರು ನೀರಿನ ಚೊಂಬು ಮನೆಯಲ್ಲಿ ಬಿಟ್ಟು ಬರತೊಡಗಿದರು. ನಮ್ಮ ಗೋಲು ಕಾಯುವವನನ್ನು ಹೊಗಳಿ ಹೊಗಳಿ, ಅವನು ನೆಲಮಟ್ಟದ ಚೆಂಡಿಗೆ ಬಗ್ಗಲಾಗದ ಹಾಗೆ ಮಾಡಿ ಎರಡು ಸಲ ಗೆದ್ದರು. ಆಮೇಲೆ ತಿಪ್ಪೇಶಿಯ ಮೇಲೆ ಬಿದ್ದರು. ಸುಳ್ಳು ಹೊಗಳಿಕೆ ನಡೆಯುವುದಿಲ್ಲವಲ್ಲ, ಹಾಗಾಗಿ ಅವರಲ್ಲಿ ನಾಲ್ಕಾರು ಜನ ನಮ್ಮ ಅಭ್ಯಾಸದ ಸಮಯದಲ್ಲಿ ಬೇಲಿಗೊರಗಿ ಕೂತು ಅವನ ಆಟವನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದರು. ಪಂದ್ಯದ ದಿನ, "ಎಡಗಾಲಲ್ಲಿ ತಡೆದು ಬಲಕ್ಕೆ ತಿರುಗ್ತಾನಲ್ಲ, ಆ ಚಂದ ಯಾರಿಗಿದೆ!" ಎಂದು ಕೂಗುತ್ತಿದ್ದರು. ಸತ್ಯವಾದ ಮಾತು. ನಮ್ಮವರಿಗಿಂತ ಚೆನ್ನಾಗಿ ಅವನ ಆಟ ಅರ್ಥವಾದದ್ದು ಅವರಿಗೇ ಎಂದು ನನಗೆ ಎಷ್ಟೋ ಸಲ ಅನಿಸಿದೆ.

ತಿಪ್ಪೇಶಿ ಸಾಕಮ್ಮನನ್ನು ಮದುವೆಯಾದಾಗ ನನಗೆ ಸ್ವಲ್ಪ ಧೈರ್ಯ ಬಂತು. ಹೆಂಡತಿಗೆ ಗೊತ್ತಿರುವ ತಪ್ಪು ಅಕ್ಕನಿಗೆ ಗೊತ್ತಿರುವುದಿಲ್ಲ. ಸೆಮಿಫೈನಲ್ಲಿಗೆ ಮುಂಚೆ ಅವಳು ಹಿತ್ತಲಲ್ಲಿ ಸೊಪ್ಪು ಬಿಡಿಸುತ್ತಿದ್ದಾಗ ಹೋಗಿ ಪಕ್ಕದಲ್ಲಿ ಕೂತೆ.

"ಏನಾದ್ರೂ ಹೇಳೇ ಸಾಕಮ್ಮ. ಗೊರಕೆ ಹೊಡೀತಾನಾ?"

"ಇಲ್ಲ ಅಕ್ಕಾ."

"ನಿನ್ ಮೇಲೆ ರೇಗ್ತಾನಾ? ನಿಮ್ಮಪ್ಪನ್ ಮನೆಯೋರನ್ನ ಆಡ್ಕೋತಾನಾ?"

"ಇಲ್ಲ. ನಮ್ಮಪ್ಪಂಗೆ ಕಣ್ಣು ಮಂಜಾದಾಗ ಅವ್ರೇ ಕೈ ಹಿಡ್ಕೊಂಡು ಆಸ್ಪತ್ರೆಗೆ ಕರ್ಕೊಂಡು ಹೋಗಿಬಂದ್ರು." ಅವಳು ಸೊಪ್ಪಿನ ದಂಟು ಮುರಿಯುತ್ತ ತಲೆ ತಗ್ಗಿಸಿದಳು. ಮೂರು ತಿಂಗಳ ಬಸುರಿ. "ನಾನೂ ಹುಡುಕ್ತಾನೇ ಇದೀನಿ ಅಕ್ಕಾ. ನಂಗೂ ಭಯ ಆಗುತ್ತೆ. ಬೆಳಿಗ್ಗೆ ಎದ್ದು ಅವ್ರ ಕಾಲು ಹಾಸಿಗೆಗೆ ತಾಗಿದೆಯಾ ಅಂತ ಮುಟ್ಟಿ ನೋಡ್ತೀನಿ."

ಇಬ್ಬರೂ ಸೇರಿ ಒಂದು ಕೆಲಸ ಮಾಡಿದೆವು. ಪಕ್ಕದ ಮನೆಯ ಪರಂಗಿ ಮರ ನಮ್ಮ ಗೋಡೆಯ ಮೇಲೆ ಬಾಗಿತ್ತು. ಹಣ್ಣು ಪೂರಾ ಹಳದಿಯಾಗಿತ್ತು. ಸಾಕಮ್ಮ ಊಟಕ್ಕೆ ಬರೀ ಗಂಜಿ ಮಾಡಿದಳು, ನಾನು ಏಣಿಯನ್ನು ಗೋಡೆಗೆ ಒರಗಿಸಿಟ್ಟೆ. ಕದ್ದು ತಿನ್ನಲಿ, ಒಂದು ವಾರಕ್ಕಾದರೂ ಮಾತು ಸಿಗುತ್ತದೆ ಎಂದು. ತಿಪ್ಪೇಶಿ ಏಣಿ ಹತ್ತಿದ, ಹಣ್ಣು ಕಿತ್ತ, ಇಳಿದು ಪಕ್ಕದ ಮನೆಯ ಬಾಗಿಲು ತಟ್ಟಿ, "ಹಕ್ಕಿ ಕುಕ್ಕೋಕೆ ಮುಂಚೆ ತಗೊಳ್ಳಿ" ಎಂದು ಕೊಟ್ಟು ಬಂದ. ನಾವಿಬ್ಬರೂ ಅಡುಗೆಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಆ ಸಂಜೆ ನಾನು ನೇರವಾಗಿಯೇ ಕೇಳಿದೆ. "ತಿಪ್ಪೇಶಿ, ಆಡಿದ್ದು ಸಾಕು ಬಿಟ್ಬಿಡೋ. ಹಂಚಿನ ಭಟ್ಟಿಯಲ್ಲಿ ಕೆಲಸ ಮಾಡ್ಕೊಂಡಿರು. ಮಗು ಬರ್ತಾ ಇದೆ."

"ಈ ವರ್ಷ ಒಂದು ಅಕ್ಕಾ. ಫೈನಲ್ ಆಡಿ ಬಿಟ್ಬಿಡ್ತೀನಿ, ನಿನ್ನಾಣೆ."

"ನನ್ನ ಹತ್ರ ಏನೂ ಉಳಿದಿಲ್ಲ ಕಣೋ. ಬರಿಗೈಲಿ ಬೆಂಚಲ್ಲಿ ಕೂರ್ತಿದೀನಿ."

ಅವನು ನನ್ನ ಮುಖ ನೋಡಲಿಲ್ಲ. ಬೂಟಿನ ದಾರ ಬಿಚ್ಚುತ್ತ, "ನಿಂಗೆ ಏನಾದ್ರೂ ಸಿಕ್ಕೇ ಸಿಗುತ್ತೆ. ಯಾವಾಗ್ಲೂ ಸಿಕ್ಕಿದೆ" ಎಂದ.

ಸೆಮಿಫೈನಲ್ಲಿನಲ್ಲಿ ಬಚಾವಾದೆವು. ಅವನ ಗೋಲಿಗೆ, ಆಟ ನೋಡಲು ಬಂದಿದ್ದ ಅಕ್ಕಿ ಗಿರಣಿಯ ಬೇಹಿನವರು ಕೂಗಿದರು, ಅವನು ಆಳೆತ್ತರ ಎದ್ದ, ನನ್ನ ಬಾಯಿಂದ ಏನೂ ಬರಲಿಲ್ಲ. ಬೋರ ಜಿಗಿದು ಅವನ ಕಣಕಾಲು ಹಿಡಿದುಕೊಂಡ, ಇಬ್ಬರೂ ಉರುಳಿದರು. ಆದರೆ ನನ್ನನ್ನು ಹೆದರಿಸಿದ್ದು ಅದಲ್ಲ. ಅಷ್ಟು ವರ್ಷ ಏಳುವಾಗಲೆಲ್ಲ ಗಾಬರಿಯಿಂದ ನನ್ನ ಕಡೆ ನೋಡುತ್ತಿದ್ದವನು ಅವತ್ತು ನೋಡಲಿಲ್ಲ. ಕತ್ತೆತ್ತಿ ಮೇಲೆ ನೋಡುತ್ತಿದ್ದ. ಬಿಸಿಲು ಕಣ್ಣಿಗೆ ಹೊಡೆದಿರಬೇಕು ಎಂದುಕೊಂಡೆ. ಮೋಡ ಕವಿದ ದಿನ ಅದು.

ಫೈನಲ್ ಅಕ್ಕಿ ಗಿರಣಿಯವರ ಮೇಲೆಯೇ. ಊರಿಗೆ ಊರೇ ಮೈದಾನದ ಸುತ್ತ ನೆರೆದಿತ್ತು. ತಿಪ್ಪೇಶಿಯ ಕೊನೆಯ ಆಟವೆಂದು ಎಲ್ಲರಿಗೂ ಗೊತ್ತಿತ್ತು. ಚೌರಪ್ಪ ಮೇಷ್ಟ್ರು ಬೇಲಿಯುದ್ದಕ್ಕೂ ನಡೆದು, "ನೀರು ಬಾಯಲ್ಲಿರ್ಲಿ ಕಣ್ರಪ್ಪಾ, ನೀರು ಬಾಯಲ್ಲಿರ್ಲಿ" ಎಂದು ಕೈಮುಗಿಯುತ್ತಿದ್ದರು. ಸಾಕಮ್ಮ ಬೆಂಚಿನ ಹಿಂದೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ನಾನು ಬೆಳಿಗ್ಗೆಯಿಂದ ಅವನು ಎದ್ದದ್ದು, ಮಿಂದದ್ದು, ತಿಂದದ್ದು ಎಲ್ಲವನ್ನೂ ಹಿಂಬಾಲಿಸಿ ನೋಡಿದ್ದೆ. ತಟ್ಟೆಯಲ್ಲಿ ಒಂದು ಅಗುಳು ಬಿಟ್ಟಿರಲಿಲ್ಲ, ಪುಣ್ಯಾತ್ಮ.

ಆಟ ಸಮಸಮವಾಗಿ ನಡೆಯಿತು. ಎರಡೂ ಕಡೆ ಗೋಲಿಲ್ಲ. ನಾನು ದೇವರೇ ಹೀಗೇ ಮುಗಿಯಲಿ ಎಂದು ಬೇಡಿಕೊಳ್ಳುತ್ತಿದ್ದೆ, ಕಾರ್ಖಾನೆಯ ಸಂಬಳ ತಿನ್ನುವವಳು ಹಾಗೆ ಬೇಡಬಾರದು. ಸೀಟಿ ಊದಲು ರೆಫರಿ ಬಾಯಿಗೆ ಕೈ ಒಯ್ಯುವಷ್ಟರಲ್ಲಿ ಮೂಲೆಯಿಂದ ಬೋರ ಚೆಂಡು ಎತ್ತಿ ಹಾಕಿದ. ತಿಪ್ಪೇಶಿ ಎಲ್ಲರ ತಲೆಗಿಂತ ಮೇಲೆ ನೆಗೆದು ಹಣೆಯಿಂದ ಗುದ್ದಿದ. ಚೆಂಡು ಕಂಬದ ಒಳಗಡೆ ತಾಗಿ ಬಲೆಗೆ ಬಿತ್ತು. ಅವನಿನ್ನೂ ಗಾಳಿಯಲ್ಲಿದ್ದ, ಅಷ್ಟರಲ್ಲಿ ಅಕ್ಕಿ ಗಿರಣಿಯವರು ಕೂಗಿದರು. ಈ ಸಲ ಸೋಲಿಸಲು ಕೂಗಿದ್ದಲ್ಲ, ಸೋತವರು ತಡೆಯಲಾಗದೆ ಕೂಗಿದ್ದು. ಅದನ್ನು ಕೇಳಿ ನಮ್ಮವರಿಗೂ ತಡೆಯಲಾಗಲಿಲ್ಲ. ಇಷ್ಟು ವರ್ಷ ನುಂಗಿಕೊಂಡಿದ್ದನ್ನೆಲ್ಲ ನೀರಿನ ಜೊತೆಗೆ ಉಗುಳಿದರು. "ನಮ್ಮ ತಿಪ್ಪೇಶಿ! ನಮ್ಮ ಬಂಗಾರ! ನಿನ್ನಂಥ ಆಟಗಾರ ಇಲ್ಲ ಕಣೋ!" ಭಟ್ಟಿಯ ಆಳುಗಳು, ಹೆಂಗಸರು, ಮುದುಕರು, ಎಲ್ಲರೂ. ಒಂದೊಂದು ಮಾತೂ ನಿಜ.

ಅವನು ಇಳಿಯಲೇ ಇಲ್ಲ. ಅಡ್ಡಪಟ್ಟಿ ದಾಟಿದ. ಬೋರ ನೆಗೆದು ಕೈ ಚಾಚಿದ, ಸಿಗಲಿಲ್ಲ. ಹಗ್ಗದವರು ಈ ಸಲ ಗೆರೆ ದಾಟಿ ಓಡಿಬಂದು ಎಸೆದರು, ಹಗ್ಗ ಅವನ ಬೂಟಿಗೆ ತಾಗಿ ಕೆಳಗೆ ಬಿತ್ತು. ಅವನು ಕೈ ಚಾಚಿ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ಜನಕ್ಕೆ ತಾವು ಮಾಡಿದ್ದು ಹೊಳೆದು ಮೈದಾನ ಒಮ್ಮೆಲೇ ಸದ್ದಡಗಿತು. ಎಲ್ಲರೂ ನನ್ನ ಕಡೆ ತಿರುಗಿದರು. ಸಾಕಮ್ಮ, "ಅಕ್ಕಾ, ಬೈಯಿ! ಬೈಯಿ ಅಕ್ಕಾ!" ಎಂದು ನನ್ನ ಭುಜ ಅಲುಗಾಡಿಸುತ್ತಿದ್ದಳು.

ನಾನು ಬಾಯಿಗೆ ಬಂದದ್ದೆಲ್ಲ ಕೂಗಿದೆ. ಕಳ್ಳ ಎಂದೆ, ಸೋಮಾರಿ ಎಂದೆ, ಸುಳ್ಳ ಎಂದೆ. ಎಲ್ಲವೂ ಹಳೆಯದು, ಎಂದೋ ತಿದ್ದಿಕೊಂಡದ್ದು. ಒಂದೂ ತಾಗಲಿಲ್ಲ. ಅವನು ಭಟ್ಟಿಯ ಹೊಗೆಗೊಳವೆಯ ಎತ್ತರಕ್ಕೆ ಹೋಗಿದ್ದ. ಆಗ ಅವನ ಮುಖ ನೋಡಿದೆ. ಮೇಲಕ್ಕೆ ಮುಖ ಮಾಡಿ, ಕೈಕಾಲು ಸಡಿಲ ಬಿಟ್ಟು, ಚಿಕ್ಕಂದಿನಲ್ಲಿ ಎಣ್ಣೆ ಸ್ನಾನ ಮಾಡಿ ಮಲಗುತ್ತಿದ್ದಾಗಿನ ಹಾಗೆ ಆರಾಮವಾಗಿದ್ದ. ಹೆದರಿಕೆ ಅನ್ನುವುದು ಆ ಮುಖದಲ್ಲಿ ಇರಲೇ ಇಲ್ಲ. ಸೆಮಿಫೈನಲ್ಲಿನ ದಿನ ಅವನು ಕತ್ತೆತ್ತಿದ್ದು ಬಿಸಿಲಿಗಲ್ಲ ಎಂದು ಆಗ ಗೊತ್ತಾಯಿತು. ಅವನಿಗೆ ಹೋಗುವುದೇ ಬೇಕಾಗಿತ್ತು. ನನಗೆ ಎಂಥ ಸಿಟ್ಟು ಬಂತೆಂದರೆ, ಅಂಥ ಸಿಟ್ಟು ನನ್ನ ಜನ್ಮದಲ್ಲಿ ಬಂದದ್ದು ಇನ್ನೊಂದೇ ಸಲ, ಅಪ್ಪನಿಗಾಗಿ ಕಾದು ನಿಂತಿದ್ದ ಹೊಳೆಯ ದಡದಲ್ಲಿ.

"ತಿಪ್ಪೇಶೀ!" ಎಂದು ಕೂಗಿದೆ. "ನಿಂಗೆ ಕೆಳಗೆ ಬರೋ ಮನಸ್ಸೇ ಇಲ್ಲ! ಬಸುರಿ ಹೆಂಡ್ತಿ ನಿಂತಿದಾಳೆ, ಅವಳ ಮುಖಾನೂ ನೋಡ್ದೆ ಹೊರಟಿದೀಯ! ನೀನೂ ಅಪ್ಪನ ಮಗನೇ ಕಣೋ! ಬಿಟ್ಟು ಹೋಗೋನು ನೀನು!"

ಅವನು ಕೆಳಗೆ ನೋಡಿದ. ನನ್ನನ್ನಲ್ಲ, ಸಾಕಮ್ಮನನ್ನು. ಅಷ್ಟು ದೂರದಿಂದಲೂ ಅವನ ಮುಖ ಕಪ್ಪಿಟ್ಟದ್ದು ಕಾಣಿಸಿತು. ಮರುಕ್ಷಣ ಬಂಡೆಯ ಹಾಗೆ ಬಿದ್ದ. ಗೋಲಿನ ಮುಂದಿನ ಕೆಸರಿನಲ್ಲಿ ಮಂಡಿಯವರೆಗೂ ಹೂತುಹೋದ. ಎಡಗಾಲು ಮುರಿದ ಸದ್ದು ಬೆಂಚಿನವರೆಗೆ ಕೇಳಿಸಿತು. ಜೀವ ಉಳಿಯಿತು. ಹಗ್ಗದವರು ಗೆರೆ ದಾಟಿದ್ದರಿಂದ ಗೆಲುವು ಅಕ್ಕಿ ಗಿರಣಿಗೆ ಹೋಯಿತು, ಅವರು ಪೆಟ್ಟಿಗೆಯಿಂದ ಕಪ್ಪನ್ನು ಹೊರಗೆ ತೆಗೆಯಲೂ ಇಲ್ಲ.

ಅವನು ಬಿದ್ದದ್ದೇ ಸಾಕ್ಷಿಯಾಯಿತು. ನನ್ನ ಮಾತು ಸುಳ್ಳಾಗಿದ್ದರೆ ಗಾಳಿಗೆ ಹೋಗುತ್ತಿತ್ತು, ಅವನೂ ಹೋಗುತ್ತಿದ್ದ. ತಾಗಿತು, ಆದ್ದರಿಂದ ನಿಜ. ಇಡೀ ಊರು ನೋಡಿತು, ಅವನ ಹೆಂಡತಿ ನೋಡಿದಳು. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವಿರಲಿಲ್ಲ.

ಕಾಲು ಕೂಡಿಕೊಂಡಿತು, ಭಾರ ಇಳಿಯಲಿಲ್ಲ. ಏಣಿಯ ಮೆಟ್ಟಿಲು ಅವನ ಕಾಲಡಿಯಲ್ಲಿ ಮುರಿಯಿತು, ಮಂಚ ಮುರಿಯಿತು, ಕಲ್ಲುಹಾಸಿನ ಮೇಲೆ ಮಲಗತೊಡಗಿದ. ಮಣ್ಣುದಾರಿಯಲ್ಲಿ ಅವನು ನಡೆದ ಹೆಜ್ಜೆಗಳಲ್ಲಿ ನೀರು ನಿಲ್ಲುತ್ತಿತ್ತು. ಕಾರ್ಖಾನೆಯಲ್ಲಿ ಮಣ್ಣು ತುಳಿಯುವ ಕೆಲಸ ಕೊಟ್ಟರು, ಅದಕ್ಕೆ ಅವನಷ್ಟು ಹೊಂದುವವರು ಇನ್ನಾರೂ ಇರಲಿಲ್ಲ. ಸಾಕಮ್ಮ ಅವನನ್ನು ಕ್ಷಮಿಸಿದಳೋ ಇಲ್ಲವೋ ನಾನು ಕೇಳಲಿಲ್ಲ, ಮಗು ಹುಟ್ಟಿದ ಮೇಲೆ ಅವಳು ಎಂದಿನಂತೆ ಸಣ್ಣಪುಟ್ಟದ್ದಕ್ಕೆ ಅವನನ್ನು ಗದರುವುದು ಕೇಳಿಸುತ್ತಿತ್ತು. ನನ್ನ ಜೊತೆ ಮಾತ್ರ ಅವನು ಮಾತು ಬಿಟ್ಟ. ಜಗಳವಲ್ಲ. ಎದುರಿಗೆ ಸಿಕ್ಕರೆ "ಊಟ ಆಯ್ತಾ" ಎನ್ನುತ್ತಿದ್ದ, ಕಣ್ಣು ನೆಲದ ಮೇಲಿರುತ್ತಿತ್ತು.

ನನಗೆ ಬೇರೊಂದು ಹೆದರಿಕೆ ಹಿಡಿಯಿತು. ತಪ್ಪು ತಿದ್ದಿಕೊಂಡರೆ ಭಾರ ಇಳಿಯಬೇಕು. ಇವನದು ಯಾಕೆ ಇಳಿಯುತ್ತಿಲ್ಲ? ಇನ್ನೂ ಹೋಗುವ ಆಸೆ ಒಳಗಿದೆಯೇ? ಅಥವಾ ಒಮ್ಮೆ ಬಿಟ್ಟುಹೋಗಲು ಹೊರಟವನು ಸಾಯುವವರೆಗೂ ಹಾಗೆಯೇ ಎಂದು ನನ್ನ ಮಾತು ಅವನನ್ನು ಕಟ್ಟಿಹಾಕಿತೇ? ಪ್ರತಿದಿನ ಅವನ ಹೆಜ್ಜೆಯ ಆಳ ನೋಡುತ್ತಿದ್ದೆ. ಮೊದಲು ಹಾರಿಹೋಗುತ್ತಾನೆಂದು ಹೆದರಿದ್ದೆ, ಈಗ ಒಂದು ದಿನ ನೆಲವೇ ಅವನನ್ನು ನುಂಗಿಕೊಳ್ಳುತ್ತದೆ ಎಂದು ಹೆದರಿದೆ.

ಅವನ ಮಗಳು ಗುಂಡಿ ಶಾಲೆಗೆ ಹೋಗುವಷ್ಟು ದೊಡ್ಡವಳಾದಳು. ಒಂದು ರಜೆಯ ಮಧ್ಯಾಹ್ನ ಅವಳು ಮೈದಾನದಲ್ಲಿ ಚೆಂಡು ಒದೆಯುತ್ತಿದ್ದಳು. ಅವನು ಹಳೇ ಬೆಂಚಿನ ಮುಂದೆ ನೆಲದ ಮೇಲೆ ಕೂತಿದ್ದ, ಬೆಂಚು ಅವನ ಭಾರ ತಡೆಯುತ್ತಿರಲಿಲ್ಲ. ನಾನು ಹೋಗಿ ಬೆಂಚಿನ ಮೇಲೆ ನನ್ನ ಮಾಮೂಲಿ ಜಾಗದಲ್ಲಿ ಕೂತೆ. ಗುಂಡಿ ಕಾಲು ಜಾರಿ ಬಿದ್ದಳು. ಅವನು ಕೂಡಲೇ ಎದ್ದ. ಆ ಭಾರ ಹೊತ್ತು ಹೇಗೆ ಎದ್ದನೋ, ಒಂದೊಂದು ಹೆಜ್ಜೆಯನ್ನೂ ನೆಲದಿಂದ ಕಿತ್ತುಕೊಳ್ಳುತ್ತ ಹೋಗಿ, ಅವಳ ಮಂಡಿ ಒರೆಸಿ, "ಕಣ್ಣು ಕಾಣಲ್ವೇನೇ ಕತ್ತೆ" ಎಂದು ಗದರಿ, ತಿರುಗಿ ಬಂದು ಕೂತ. ಬೆವರು ಸುರಿಯುತ್ತಿತ್ತು. ದಿನವೂ ಇದೇ ಕಾಲಲ್ಲಿ ಅವಳನ್ನು ಶಾಲೆಗೆ ಬಿಟ್ಟು ಬರುತ್ತಿದ್ದನಲ್ಲ, ನಾನು ಹೆಜ್ಜೆಯ ಆಳ ನೋಡಿದೆನೇ ಹೊರತು ಹೆಜ್ಜೆ ಎಲ್ಲಿಗೆ ಹೋಗಿ ಎಲ್ಲಿಗೆ ಬರುತ್ತಿತ್ತೆಂದು ನೋಡಿರಲಿಲ್ಲ.

ಹುಟ್ಟಿದಾಗಿನಿಂದ ಯಾರಿಗೂ ಹೇಳದ ಮಾತು, ಹೇಗೆ ಶುರು ಮಾಡಬೇಕೆಂದೇ ತಿಳಿಯದು.

"ತಿಪ್ಪೇಶಿ, ನೀನು ಅಪ್ಪನ ಥರ ಅಲ್ಲ ಕಣೋ" ಎಂದೆ. "ಹೋಗೋ ಮನಸ್ಸಿತ್ತು, ಆದ್ರೂ ಉಳ್ಕೊಂಡೆ. ಈ ಮೈ ಹೊತ್ಕೊಂಡು ದಿನಾ ಮನೆಗೆ ಬಂದೆ. ಒಂದಿನಾನೂ ಬಿಟ್ಟು ಹೋಗ್ಲಿಲ್ಲ. ಒಳ್ಳೇ ಗಂಡಸು ನೀನು."

ಅವನು ಕೂತ ಕಡೆ ಮಣ್ಣು ಸರಕ್ಕೆಂದಿತು. ನೋಡಿದರೆ ಅವನ ಭಾರಕ್ಕೆ ಬಿದ್ದಿದ್ದ ಗುಳಿ ಖಾಲಿಯಾಗಿ, ಅವನು ನೆಲಕ್ಕೆ ಸಮನಾಗಿ ಕೂತಿದ್ದ. ಎದ್ದು ನಿಂತ. ಕಾಲು ಹೂತುಹೋಗಲಿಲ್ಲ. ಒಂದು ಹೆಜ್ಜೆ ಇಟ್ಟ, ಬರೀ ಚಪ್ಪಲಿಯ ಗುರುತು ಬಿತ್ತು, ಎಲ್ಲರಿಗೂ ಬೀಳುವ ಹಾಗೆ. ಅವನು ಆ ಗುರುತನ್ನೇ ನೋಡುತ್ತ ನಿಂತು, ಆಮೇಲೆ ಇಷ್ಟು ವರ್ಷಗಳಲ್ಲಿ ಮೊದಲ ಸಲ ನನ್ನ ಮುಖ ನೋಡಿದ.

"ಅಕ್ಕಾ," ಎಂದ, "ಅವತ್ತು ನೀನು ಕೂಗ್ದೇ ಇದ್ದಿದ್ರೆ ನಂಗೆ ಇವಳ ಮುಖ ನೋಡೋಕೆ ಸಿಕ್ತಿರ್ಲಿಲ್ಲ. ಅಮ್ಮ ಹೋದ್ಮೇಲೆ ನಂಗೆ ಅಂತ ಇದ್ದೋಳು ನೀನೊಬ್ಳೇ. ನಿನ್ನಂಥೋಳು ಈ ಊರಲ್ಲಿ ಇನ್ನೊಬ್ಳಿಲ್ಲ."

ನನ್ನ ಕೆಳಗಿನಿಂದ ಬೆಂಚು ಹೋಯಿತು. ಬೆಂಚು ಹೋಗಲಿಲ್ಲ, ನಾನು ಎದ್ದಿದ್ದೆ. ಯಾರು ಯಾವತ್ತು ನನ್ನನ್ನು ಹೊಗಳಿದ್ದರು? ಅಭ್ಯಾಸವೇ ಇಲ್ಲದ ಮೈ, ಹೊಗೆಯ ಹಾಗೆ ಏಳತೊಡಗಿತು. ಬೈಗಾರ್ತಿಗೆ ಬೈಗಾರ್ತಿ ಇರುವುದಿಲ್ಲ. ಮುನಿಯಣ್ಣನ ಬೂಟು ಕಣ್ಮುಂದೆ ಬಂತು. "ತಿಪ್ಪೇಶೀ!" ಎಂದು ಚೀರಿದೆ.

ಅವನು ನೆಗೆದು ನನ್ನ ಸೀರೆಯ ಅಂಚು ಹಿಡಿದ. ಹಿಡಿದು ಶುರು ಮಾಡಿದ. "ಸಾರಿಗೆ ಒಂದಿನಾನೂ ಹದವಾಗಿ ಉಪ್ಪು ಹಾಕ್ಲಿಲ್ಲ ನೀನು! ನಿದ್ದೇಲಿ ಹಲ್ಲು ಕಡೀತೀಯ, ಚಿಕ್ಕವನಿದ್ದಾಗ ನಂಗೆ ನಿದ್ದೆ ಬರ್ತಿರ್ಲಿಲ್ಲ! ನನ್ನ ಮದುವೇಲಿ ಅತ್ತಿದ್ದು ಯಾರಿಗೂ ಕಾಣಬಾರದು ಅಂತ ಉಗ್ರಾಣದಲ್ಲಿ ಬಚ್ಚಿಟ್ಕೊಂಡು, ಹೊಗೆ ಅಂತ ಸುಳ್ಳು ಹೇಳ್ದೆ! ನೋವಾದ್ರೆ ಹೇಳಲ್ಲ, ಹಸಿವಾದ್ರೆ ಹೇಳಲ್ಲ, ಜಂಬ ನಿಂಗೆ! ಪರಂಗಿ ಹಣ್ಣಿಗೆ ಏಣಿ ಇಟ್ಟೋಳು ನೀನೇ, ನಂಗೆ ಗೊತ್ತಿಲ್ಲ ಅಂದ್ಕೊಂಡ್ಯಾ?"

ಒಂದೊಂದೂ ಮೈಮೇಲೆ ಬಂದು ಕೂತಿತು. ಒಂದೊಂದೂ ನಿಜ. ಎಷ್ಟು ವರ್ಷಗಳಿಂದ, ಯಾವ ಯಾವ ಮೂಲೆಯಿಂದ ಇವನು ನನ್ನನ್ನು ನೋಡುತ್ತ ಇದನ್ನೆಲ್ಲ ಕೂಡಿಟ್ಟಿದ್ದನೋ. ಗುಂಡಿ ಚೆಂಡು ಕಂಕುಳಲ್ಲಿಟ್ಟುಕೊಂಡು ಬಾಯಿ ತೆರೆದು ನೋಡುತ್ತಿದ್ದಳು. ನನ್ನ ಕಾಲು ನೆಲಕ್ಕೆ ತಾಗಿದ ಮೇಲೂ ಅವನು ಬೈಯುವುದನ್ನು ನಿಲ್ಲಿಸಲಿಲ್ಲ. ನಾನೂ ನಿಲ್ಲಿಸು ಎನ್ನಲಿಲ್ಲ.